ಮನೆಯಲ್ಲೇ ಇದ್ದ ಮಕ್ಕಳು ಊಟ ಬಿಟ್ಟದ್ದೇಕೆ? ಒಂದು ಅಧ್ಯಯನ ಟಿಪ್ಪಣಿ

ಕೋವಿಡ್ ಕಾಲದ ಊಟದ ಕಾಯಿಲೆಗಳ ಪಾಠ ಓದುವಾಗ ನನ್ನ ತಲೆಗೆ ಹತ್ತದೇ ಹೋದದ್ದು ಒಂದೇ ವಿಷಯ. ಲಾಕ್‌ಡೌನ್‌ನಲ್ಲಿ ಮಕ್ಕಳು ಇಡೀ ದಿನ ಅಪ್ಪ ಅಮ್ಮನ ಕಣ್ಣೆದುರೇ ಇದ್ದರು. ಆದರೂ ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆಗಳು ಜಾಸ್ತಿ ಆದದ್ದು ಹೇಗೆ?

ಜಾಸ್ತಿ ಆದದ್ದಂತೂ ನಿಜ. ಕೆನಡಾದ 6 ಮಕ್ಕಳ ಆಸ್ಪತ್ರೆಗಳಲ್ಲಿ ಅನೊರೆಕ್ಸಿಯಾದ (ದಪ್ಪಗಾಗುವ ಭಯದಿಂದ ಊಟ ಬಿಡುವ ಕಾಯಿಲೆಯ) ಹೊಸ ಪ್ರಕರಣಗಳು ಕೋವಿಡ್‌ಗೆ ಮೊದಲು ತಿಂಗಳಿಗೆ ಸುಮಾರು 25 ಇದ್ದವು. 2020ರ ಮೊದಲ ಅಲೆಯಲ್ಲಿ ಸುಮಾರು 41 ಆದವು.

ಶಾಲೆ, ಆಟ, ಗೆಳೆಯರು ಎಲ್ಲ ಒಟ್ಟಿಗೇ ನಿಂತುಹೋದಾಗ ದಿನಕ್ಕೆ ಒಂದು ಹದವೇ ಇರಲಿಲ್ಲ. ಯಾವುದೂ ತನ್ನ ಕೈಯಲ್ಲಿಲ್ಲ ಅನ್ನಿಸಿದ ಹುಡುಗಿಗೋ ಹುಡುಗನಿಗೋ ತಟ್ಟೆಯಲ್ಲಿ ಎಷ್ಟು ಉಣ್ಣಬೇಕು ಅನ್ನುವುದು ಮಾತ್ರ ತನ್ನ ಕೈಯಲ್ಲಿತ್ತು. ಜೊತೆಗೆ ಆನ್‌ಲೈನ್ ತರಗತಿಯಲ್ಲಿ ಗಂಟೆಗಟ್ಟಲೆ ತನ್ನದೇ ಮುಖ, ಮೊಬೈಲ್‌ನಲ್ಲಿ ತೂಕ ಇಳಿಸುವ ವಿಡಿಯೋಗಳು. ಎಷ್ಟೋ ಸಲ ಊಟ ಕಡಿಮೆ ಮಾಡುವುದು ಶುರುವಾಗುವುದೇ ‘ಆರೋಗ್ಯಕ್ಕೆ ಒಳ್ಳೆಯದು’ ಅಂತ. ಮನೆಯವರು ಮೆಚ್ಚಿಕೊಳ್ಳುವುದೂ ಉಂಟು.

ಶುರುವಾದದ್ದು ನಿಲ್ಲುವುದಿಲ್ಲ ಯಾಕೆ? ಇಲ್ಲಿ 1944–45ರಲ್ಲಿ ಅಮೆರಿಕದಲ್ಲಿ ನಡೆದ ಮಿನೆಸೋಟ ಪ್ರಯೋಗ ನೆನಪಿಡಿ. 36 ಮಂದಿ ಆರೋಗ್ಯವಂತ ಗಂಡಸರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ. ಮೊದಲು ಅವರಿಗೆ ಇಂಥ ಕಾಯಿಲೆ ಇರಲಿಲ್ಲ. ಆಮೇಲೆ ತಲೆ ತುಂಬ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕ ಹಿಡಿದು ಕೂತರು. ಸಿಡುಕು, ಮಂಕು, ಯಾರ ಜೊತೆಗೂ ಬೇಡ. ಅಂದರೆ ಹಸಿವೇ ಮನಸ್ಸನ್ನು ಕೆಡಿಸುತ್ತದೆ. ‘ಹಠ ಮಾಡ್ತಿದ್ದಾಳೆ’ ಅನ್ನುವ ಮಾತು ಎಷ್ಟು ತಪ್ಪು ಅಂತ ಇದನ್ನು ಓದಿದ ಮೇಲೆ ನನಗೆ ಗೊತ್ತಾಯಿತು.

ಪರೀಕ್ಷೆ ಬರೆಯುವಾಗ ನಾವು ಎಡವುವುದು ತೂಕದ ವಿಷಯದಲ್ಲಿ. ನೋಡಲು ತೆಳ್ಳಗಿಲ್ಲದವರಿಗೂ, ವೇಗವಾಗಿ ತೂಕ ಇಳಿದಿದ್ದರೆ, ನಾಡಿ ಅಪಾಯಕಾರಿಯಾಗಿ ನಿಧಾನ ಆಗಬಹುದು. ಅನೊರೆಕ್ಸಿಯಾ ಅನ್ನಲು ಮುಟ್ಟು ನಿಂತಿರಲೇಬೇಕು ಅನ್ನುವ ಹಳೆಯ ನಿಯಮವನ್ನು 2013ರ ಡಿಎಸ್‌ಎಂ-5 (ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ ಕೈಪಿಡಿ) ಕೈಬಿಟ್ಟಿದೆ. ಹುಡುಗರಿಗೆ ಅದು ಹೇಗೂ ಹೊಂದುತ್ತಿರಲಿಲ್ಲ, ಅಲ್ವಾ? ಮಿತಿಮೀರಿ ತಿನ್ನುವ ಬಿಂಜ್ ಈಟಿಂಗ್ ಪ್ರತ್ಯೇಕ ಕಾಯಿಲೆಯಾಗಿ ಸೇರಿದ್ದೂ ಅದರಲ್ಲೇ.

ಚಿಕಿತ್ಸೆಗೆ ಬಂದರೆ, ಅನೊರೆಕ್ಸಿಯಾ ಇರುವ ಹದಿಹರೆಯದವರಿಗೆ ಸಾಮಾನ್ಯವಾಗಿ ಮೊದಲು ಹೇಳುವುದು ಕುಟುಂಬ ಚಿಕಿತ್ಸೆ. ಊಟದ ಜವಾಬ್ದಾರಿಯನ್ನು ಸ್ವಲ್ಪ ಕಾಲ ಅಪ್ಪ ಅಮ್ಮನೇ ಹೊರುತ್ತಾರೆ. ಇದನ್ನು ವಿಡಿಯೋ ಕರೆಯಲ್ಲೂ ನಡೆಸಿದರು. ಆದರೆ ನಾಡಿ, ರಕ್ತದೊತ್ತಡ, ರಕ್ತಪರೀಕ್ಷೆಗೆ ಆಸ್ಪತ್ರೆಗೆ ಹೋಗಲೇಬೇಕು. ತುಂಬ ದಿನ ಉಪವಾಸ ಇದ್ದವರಿಗೆ ಮನೆಯಲ್ಲಿ ಸುಮ್ನೆ ಒಮ್ಮೆಲೇ ಜಾಸ್ತಿ ಉಣಿಸಿದರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಹೃದಯಕ್ಕೇ ಪೆಟ್ಟಾಗಬಹುದು.