ಕಡತ ಇದ್ದಲ್ಲೇ ಇದೆ, ಸರ್ವರ್‌ಗೆ ಕಾಣುತ್ತಿಲ್ಲ

ಹುಬ್ಬಳ್ಳಿಯಿಂದ ಮುಂಬೈಗೆ ಬಂದ ಸೋದರಮಾವನಿಗೆ ಹೇಳಿದ್ದು ಇಷ್ಟೇ: "ದಾದರಿನಲ್ಲಿ ಲೋಕಲ್ ಹಿಡಿದು ಮುಂದಿನ ಮಾಟುಂಗಾದಲ್ಲಿ ಇಳಿಯಿರಿ, ಮೈಸೂರು ಅಸೋಸಿಯೇಷನ್ ಬಾಗಿಲಲ್ಲಿ ನಿಂತಿರುತ್ತೇನೆ." ಅವರು ಹತ್ತಿದ್ದು ಪಶ್ಚಿಮ ರೈಲ್ವೆಯ ಗಾಡಿ, ಇಳಿದದ್ದು ಮಾಟುಂಗಾ ರೋಡ್. ಅಸೋಸಿಯೇಷನ್ ಇರುವುದು ಮಧ್ಯ ರೈಲ್ವೆಯ ಮಾಟುಂಗಾದ ಕಡೆ. "ಅಲ್ಲಪ್ಪಾ, ಇಲ್ಲಿ ಅಂಥ ಕಟ್ಟಡವೇ ಇಲ್ಲವಂತೆ" ಎಂದು ಫೋನ್ ಬಂತು.

ಅದೇ ವಾರ ಪವಾಯಿಯ ಕಚೇರಿಯಲ್ಲಿ ಜಾವಾ ಅಪ್ಲಿಕೇಷನ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್ ಸರ್ವರ್ ಕೂಡ ಇದೇ ರಾಗ ತೆಗೆಯಿತು: 'ಅನ್‌ಸ್ಯಾಟಿಸ್‌ಫೈಡ್ ಲಿಂಕ್ ಎರರ್'. ಬೇಕಾದ ಲೈಬ್ರರಿ, ಅಂದರೆ ಪ್ರೋಗ್ರಾಮು ಬಳಸಿಕೊಳ್ಳುವ ಸಿದ್ಧ ಕೋಡಿನ ಕಡತ, ಇಲ್ಲವಂತೆ. ಕಡತವೋ ಡಿಸ್ಕಿನಲ್ಲಿ ನನ್ನ ಕಣ್ಣೆದುರೇ ಇತ್ತು.

ಜಾವಾ ಪ್ರೋಗ್ರಾಮು ಯಾವ ಯಂತ್ರದಲ್ಲಾದರೂ ಓಡುತ್ತದೆ. ಆದರೆ ಗೂಢಲಿಪಿ, ಚಿತ್ರ ಸಂಸ್ಕರಣೆಯಂಥ ಕೆಲವು ಕೆಲಸಗಳನ್ನು ಸಿ ಭಾಷೆಯಲ್ಲಿ ಬರೆದು, ಆಯಾ ಯಂತ್ರಕ್ಕೆಂದೇ ಸಿದ್ಧಪಡಿಸಿದ ನೇಟಿವ್ ಲೈಬ್ರರಿಗೆ ಬಿಡುವುದುಂಟು. ಈ ಎರಡರ ನಡುವಿನ ಸೇತುವೆ, ಜೆಎನ್‌ಐ, 1997ರಿಂದ ಇದೆ. ಪ್ರೋಗ್ರಾಮಿನಲ್ಲಿ 'ಚಿತ್ರ' ಎಂದಷ್ಟೇ ಬರೆದರೆ ಲಿನಕ್ಸ್‌ನಲ್ಲಿ ಅದು 'ಲಿಬ್‌ಚಿತ್ರ.ಎಸ್‌ಒ' ಆಗುತ್ತದೆ, ವಿಂಡೋಸ್‌ನಲ್ಲಿ 'ಚಿತ್ರ.ಡಿಎಲ್‌ಎಲ್'. ಜಾವಾ ಇಡೀ ಡಿಸ್ಕನ್ನು ಜಾಲಾಡುವುದಿಲ್ಲ, 'ಜಾವಾ.ಲೈಬ್ರರಿ.ಪಾಥ್' ಎಂಬ ಪಟ್ಟಿಯಲ್ಲಿರುವ ಕೋಶಗಳನ್ನಷ್ಟೇ (ಫೋಲ್ಡರ್) ನೋಡುತ್ತದೆ.

ಟರ್ಮಿನಲ್‌ನಿಂದ ನಾನೇ ಚಾಲೂ ಮಾಡಿದಾಗ ಎಲ್ಲವೂ ಸರಿ. ಏಕೆಂದರೆ ಆ ಕೋಶದ ವಿಳಾಸ ಇದ್ದದ್ದು ನನ್ನ ಲಾಗಿನ್ ಕಡತದಲ್ಲಿ. ಸರ್ವರನ್ನು ಎಬ್ಬಿಸುವ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಪ್ರೋಗ್ರಾಮು) ಅದನ್ನು ಓದುವುದೇ ಇಲ್ಲ. ಟಾಮ್‌ಕ್ಯಾಟ್ ಏಳುವಾಗ ಓದುವ ಸೆಟ್‌ಎನ್ವಿ ಕಡತದಲ್ಲಿ ಆ ಪಟ್ಟಿಯನ್ನು ಬರೆದೆ.

ಮತ್ತೆ ಅದೇ ದೋಷ! ಈ ಸಲ ಎರಡನೆಯ ಚಹಾ ಕುಡಿಯುತ್ತಾ ಸಂದೇಶವನ್ನು ಕೊನೆಯವರೆಗೆ ಓದಿದೆ (ಮೊದಲೇ ಓದಬೇಕಿತ್ತು). ನಮ್ಮ ಲೈಬ್ರರಿ ಈಗ ಸಿಕ್ಕಿತ್ತು. ಸಿಗದೆ ಹೋದದ್ದು ಅದು ನೆಚ್ಚಿಕೊಂಡಿದ್ದ ಇನ್ನೊಂದು. ಒಂದು ಲೈಬ್ರರಿ ಯಾವ್ಯಾವುದನ್ನು ನೆಚ್ಚಿಕೊಂಡಿದೆ ಎಂದು ತೋರಿಸುವ 'ಎಲ್‌ಡಿಡಿ' ಆಜ್ಞೆ ಕೊಟ್ಟೆ. ಒಂಬತ್ತು ಸಾಲುಗಳಲ್ಲಿ ಎಂಟರ ಎದುರು ವಿಳಾಸ, ಒಂದರ ಎದುರು 'ನಾಟ್ ಫೌಂಡ್'. ಗಂಟು ಇರುವುದು ಇಲ್ಲೇ. ಮೊದಲ ಕಡತವನ್ನು ಹುಡುಕುವುದು ಜಾವಾ. ಅದರ ಬೆನ್ನಿಗೆ ಬರುವವನ್ನು ಹುಡುಕುವುದು ಲಿನಕ್ಸ್‌ನ ಲೋಡರ್. ಲೋಡರ್‌ಗೆ ಜಾವಾದ ಪಟ್ಟಿಯ ಗಂಧಗಾಳಿಯೂ ಇಲ್ಲ. ಅದು ನೋಡುವುದು ಕಡತದೊಳಗೇ ಬರೆದಿಟ್ಟ ದಾರಿ, 'ಎಲ್‌ಡಿ ಲೈಬ್ರರಿ ಪಾಥ್' ಎಂಬ ಕೋಶಗಳ ಪಟ್ಟಿ ಮತ್ತು ತನ್ನದೇ ಸಂಗ್ರಹಪಟ್ಟಿಯನ್ನು; ಅಲ್ಲೂ ಇಲ್ಲದಿದ್ದರೆ ವ್ಯವಸ್ಥೆಯ ಮಾಮೂಲು ಕೋಶಗಳನ್ನು. ಆ ಸಂಗ್ರಹಕ್ಕೆ ಕೋಶದ ಹೆಸರು ಸೇರಿಸಿ, ಅದನ್ನು ಹೊಸದಾಗಿ ಕಟ್ಟುವ 'ಎಲ್‌ಡಿಕಾನ್ಫಿಗ್' ಓಡಿಸಿದ ಮೇಲೆ ಆ ಸಾಲಿಗೂ ವಿಳಾಸ ಬಂತು.

ಆತುರಕ್ಕೆ ಸರ್ವರ್ ನಿಲ್ಲಿಸದೆ ಅಪ್ಲಿಕೇಷನ್ನನ್ನಷ್ಟೇ ಮರುಸ್ಥಾಪಿಸಿದೆ. ಮೂರನೆಯ ಸಲವೂ ಅದೇ ಹೆಸರಿನ ದೋಷ, ಆದರೆ ದೂರು ತಿರುವುಮುರುವು: ಲೈಬ್ರರಿ ಆಗಲೇ ಬೇರೊಬ್ಬರ ಕೈಯಲ್ಲಿದೆಯಂತೆ. ಜಾವಾ ಒಂದು ನೇಟಿವ್ ಲೈಬ್ರರಿಯನ್ನು ಏಕಕಾಲಕ್ಕೆ ಒಂದೇ ಕ್ಲಾಸ್‌ಲೋಡರ್‌ಗೆ, ಅಂದರೆ ಪ್ರೋಗ್ರಾಮಿನ ಕೋಡನ್ನು ಒಳತರುವ ಭಾಗಕ್ಕೆ, ಕೊಡುತ್ತದೆ. ಹಳೆಯ ಅಪ್ಲಿಕೇಷನ್ನಿನ ಕ್ಲಾಸ್‌ಲೋಡರ್ ಇನ್ನೂ ಹಿಡಿ ಬಿಟ್ಟಿರಲಿಲ್ಲ. ಲೈಬ್ರರಿಯನ್ನು ಕರೆಯುವ ಜಾರ್ ಕಡತವನ್ನು (ಜಾವಾ ಕೋಡಿನ ಕಟ್ಟು) ಅಪ್ಲಿಕೇಷನ್‌ನಿಂದ ತೆಗೆದು, ಎಲ್ಲ ಅಪ್ಲಿಕೇಷನ್‌ಗಳಿಗೂ ಸೇರಿದ ಟಾಮ್‌ಕ್ಯಾಟ್‌ನ ಸಾಮಾನ್ಯ ಕೋಶಕ್ಕೆ ಸರಿಸಿ, ಸರ್ವರನ್ನು ಪೂರ್ತಿ ನಿಲ್ಲಿಸಿ ಎಬ್ಬಿಸಿದೆ. ಲಾಗ್‌ನಲ್ಲಿ ಆ ಹೆಸರು ಮತ್ತೆ ಕಾಣಲಿಲ್ಲ.