ನೀರಿನ ಕೆಳಗಿನ ನಷ್ಟವನ್ನು ತೋರಿಸುವುದು ಹೇಗೆ?

ಕಾಡು ಕಡಿದರೆ ಬೋಳು ಗುಡ್ಡ ಕಾಣುತ್ತದೆ. ಕೆರೆ ಬತ್ತಿದರೆ ಬಿರುಕು ಬಿಟ್ಟ ತಳ ಕಾಣುತ್ತದೆ. ಕಡಲಿನಲ್ಲಿ ಮೀನು ಖಾಲಿಯಾದರೆ? ಮೇಲೆ ಅದೇ ನೀಲಿ ನೀರು, ಅದೇ ಅಲೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಲೆಕ್ಕದಂತೆ, ಸಂತಾನ ಬೆಳೆಸಿ ಚೇತರಿಸಿಕೊಳ್ಳುವುದಕ್ಕಿಂತ ವೇಗವಾಗಿ ಹಿಡಿಯಲಾಗುತ್ತಿದ್ದ ಮೀನು ಗುಂಪುಗಳು 1974ರಲ್ಲಿ ಜಗತ್ತಿನ ಕಡಲುಗಳಲ್ಲಿ ನೂರಕ್ಕೆ ಹತ್ತರಷ್ಟಿದ್ದವು. ಈಗ ಅವು ಮೂರನೇ ಒಂದು ಪಾಲನ್ನೂ ದಾಟಿವೆ. ಅಂಕಿ ಗಾಬರಿ ಹುಟ್ಟಿಸುವಂಥದ್ದೇ. ಆದರೂ ಓದಿ ಪುಟ ತಿರುಗಿಸಿಬಿಡುತ್ತೇವೆ, ಅಲ್ವಾ?

ಇಲ್ಲೇ ವಿಶ್ವವಿದ್ಯಾಲಯಗಳ ಕೆಲಸ ಶುರುವಾಗುವುದು. ಜೂನ್ 8ರ ಸಾಗರ ದಿನಕ್ಕೆ ಪೋಸ್ಟರ್ ಅಂಟಿಸಿ ಭಾಷಣ ಮಾಡಿಸುವುದು ಸುಲಭ. ಕಾಣದ ನಷ್ಟವನ್ನು ಕಣ್ಣೆದುರು ತಂದು ನಿಲ್ಲಿಸುವುದು ಕಷ್ಟ. ನನಗೆ ಅದೇ ನಿಜವಾದ ಕೆಲಸ ಅನ್ನಿಸುತ್ತದೆ.

ಫ್ಲೋರಿಡಾದ ಕೀ ವೆಸ್ಟ್ ಎಂಬ ಊರಿನಲ್ಲಿ ಪ್ರವಾಸಿಗರು ದೋಣಿ ಬಾಡಿಗೆಗೆ ಹಿಡಿದು ಮೀನು ಹಿಡಿಯುತ್ತಾರೆ. ದಡಕ್ಕೆ ಬಂದ ಮೇಲೆ ಮೀನುಗಳನ್ನು ಒಂದು ಹಲಗೆಗೆ ನೇತುಹಾಕಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದ ಲೋರೆನ್ ಮೆಕ್ಲೆನಕನ್ ಇಂಥ ಹಳೆಯ ಫೋಟೋಗಳನ್ನು ಹುಡುಕಿ ತೆಗೆದು ಅಳೆದರು. 1956ರ ಸುಮಾರಿನ ಫೋಟೋಗಳಲ್ಲಿ ನೇತಾಡುತ್ತಿದ್ದ ಮೀನಿನ ಸರಾಸರಿ ತೂಕ ಸುಮಾರು 20 ಕಿಲೋ. ಕೆಲವು ಪಕ್ಕದಲ್ಲಿ ನಿಂತ ಮನುಷ್ಯನಷ್ಟೇ ದೊಡ್ಡವು. 2007ಕ್ಕೆ ಬಂದರೆ 2.3 ಕಿಲೋ. ಆದರೆ ಜನರ ಮುಖದ ನಗು ಮಾತ್ರ ಒಂದಿಷ್ಟೂ ಕುಗ್ಗಿಲ್ಲ!

ಆ ನಗುವಿನಲ್ಲೇ ವಿಷಯವಿದೆ. ಪ್ರತಿ ತಲೆಮಾರೂ ತಾನು ಮೊದಲು ಕಂಡ ಕಡಲನ್ನೇ ಸರಿಯಾದ ಕಡಲು ಅಂದುಕೊಳ್ಳುತ್ತದೆ. ಅಜ್ಜ ಕಂಡ ಮೀನು ಮೊಮ್ಮಗನಿಗೆ ಕಟ್ಟುಕಥೆ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಡೇನಿಯಲ್ ಪಾಲಿ 1995ರಲ್ಲಿ ಇದಕ್ಕೆ 'ಜಾರುವ ಅಳತೆಗೋಲು' ಎಂಬ ಅರ್ಥದ ಹೆಸರು ಕೊಟ್ಟರು. ಹಳೆಯ ಫೋಟೋಗಳನ್ನು ಸಾಲಾಗಿ ಜೋಡಿಸಿಟ್ಟರೆ, ಆ ಮಾತು ಯಾವ ವಿವರಣೆಯೂ ಇಲ್ಲದೆ ಅರ್ಥವಾಗುತ್ತದೆ.

ನಷ್ಟವನ್ನು ತೋರಿಸಿದರಷ್ಟೇ ಸಾಲದು. ಮೀನು ವಾಪಸ್ ಬರುತ್ತದೆ ಅನ್ನುವುದನ್ನೂ ತೋರಿಸಬೇಕು. ಫಿಲಿಪ್ಪೀನ್ಸ್‌ನ ಸಿಲ್ಲಿಮನ್ ವಿಶ್ವವಿದ್ಯಾಲಯದ ಏಂಜೆಲ್ ಅಲ್ಕಾಲಾ ಮಾಡಿದ್ದು ಅದನ್ನೇ. 1974ರಿಂದ ಸುಮಿಲೋನ್ ದ್ವೀಪದ ಒಂದು ಭಾಗದಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಲಾಗಿತ್ತು. 1979ರಲ್ಲಿ ಅವರ ತಂಡ ಆಪೋ ದ್ವೀಪಕ್ಕೆ ಹೋಯಿತು. ಅಲ್ಲಿ ಡೈನಮೈಟ್ ಸಿಡಿಸಿ, ವಿಷ ಹಾಕಿ ಮೀನು ಹಿಡಿದು ಹವಳದ ದಿಬ್ಬಗಳು ಹಾಳಾಗಿದ್ದವು. ಮೀನುಗಾರರಿಗೆ ಉಪದೇಶ ಕೊಟ್ಟು ಬರಬಹುದಿತ್ತು. ಅದರ ಬದಲು, ಕೆಲವರನ್ನು ಸುಮಿಲೋನ್‌ಗೆ ಕರೆದುಕೊಂಡು ಹೋಗಿ ಅಲ್ಲಿ ತುಂಬಿದ್ದ ಮೀನು ತೋರಿಸಿದರು.

ಹಾಗಂತ ಎಲ್ಲರೂ ತಕ್ಷಣ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಇವತ್ತಿನ ಊಟ ಬಿಟ್ಟು ನಾಳೆಯದನ್ನು ನಂಬಿ ಅಂದ ಹಾಗೆ ಅದು. ಮಾತುಕತೆ ಮೂರು ವರ್ಷ ನಡೆಯಿತು. ಕೊನೆಗೆ 1982ರಲ್ಲಿ ಕೆಲವೇ ಕುಟುಂಬಗಳು ಸುಮಾರು 450 ಮೀಟರ್ ದಡದ ಮುಂದಿನ ನೀರನ್ನು ಮುಟ್ಟುವುದಿಲ್ಲ ಎಂದು ನಿರ್ಧರಿಸಿದವು. ದಡದಲ್ಲಿ ಒಬ್ಬರು ಕೂತು ನೋಡುತ್ತಿದ್ದರೆ ಕಾವಲಿಗೆ ಸಾಕಿತ್ತು. ಒಳಗೆ ಮೀನು ಬೆಳೆದವು. ಬೆಳೆದವು ಗಡಿ ದಾಟಿ ಆಚೆಗೂ ಬಂದವು, ಆಚೆ ಗಾಳ ಹಾಕಿದವರಿಗೆ ಸಿಕ್ಕವು. ಆಮೇಲೆ ಊರಿನವರೇ ಸೇರಿ ಡೈನಮೈಟನ್ನೂ ವಿಷವನ್ನೂ ದ್ವೀಪದ ಸುತ್ತ ಎಲ್ಲೂ ಬಳಸದಂತೆ ನಿಲ್ಲಿಸಿದರು.

ಸುಮಿಲೋನ್‌ನದು ಬೇರೆಯೇ ಕಥೆ. ಅಲ್ಲಿ 1984ರಲ್ಲಿ ರಕ್ಷಣೆ ಮುರಿದುಬಿತ್ತು, ಬಲೆಗಳು ಮತ್ತೆ ಒಳಗೆ ಬಂದವು. ಮೀನು ಹಿಡಿಯಲು ಜಾಗ ಜಾಸ್ತಿಯಾಯಿತು, ಆದರೆ ಒಟ್ಟು ಸಿಕ್ಕ ಮೀನು ಅರ್ಧಕ್ಕಿಂತ ಕೆಳಗಿಳಿಯಿತು. ಅಲ್ಕಾಲಾ ಮತ್ತು ಅವರ ಜೊತೆಗಾರರು ಅದನ್ನೂ ಅಳೆದು ಬರೆದಿಟ್ಟರು. ಕಾಪಾಡಿದ ದ್ವೀಪ ಒಂದು, ಕೈಬಿಟ್ಟ ದ್ವೀಪ ಇನ್ನೊಂದು. ಎರಡರ ಲೆಕ್ಕವೂ ಈಗ ಮೀನುಗಾರರ ಮುಂದೆ ಇಡಲು ಸಿಗುತ್ತದೆ.