ಆಕ್ಸಲ್ ಲೋಡ್: 18,500ರ ಒಳಗಿನ ಲೆಕ್ಕ

ಮುಂಗಾರು ಹಿಡಿಯಿತೆಂದರೆ ಕೊಡಗಿನ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಮಳೆ ಮುಗಿಯುವ ತನಕ ಮರದ ದಿಮ್ಮಿ ಮತ್ತು ಮರಳು ಸಾಗಿಸುವ ಲಾರಿಗಳು ಜಿಲ್ಲೆಯ ರಸ್ತೆಗಳಲ್ಲಿ ಓಡಾಡುವಂತಿಲ್ಲ ಎಂಬ ಜಿಲ್ಲಾಧಿಕಾರಿಯವರ ಆದೇಶ ಅದು. ಇತ್ತೀಚಿನ ವರ್ಷಗಳ ಆದೇಶಗಳಲ್ಲಿ ಇನ್ನೂ ಒಂದು ಸಾಲು ಇರುತ್ತದೆ: ನೋಂದಾಯಿತ ಒಟ್ಟು ತೂಕ 18,500 ಕಿಲೋ ಮೀರಿದ ಸರಕು ವಾಹನಗಳಿಗೂ ನಿಷೇಧ. ಓದಿ ಪುಟ ಮಗುಚುತ್ತೇವೆ. ಆದರೆ ಆ ಐನೂರು ಎಲ್ಲಿಂದ ಬಂತು? ಹದಿನೆಂಟು ಸಾವಿರವೂ ಅಲ್ಲ, ಇಪ್ಪತ್ತು ಸಾವಿರವೂ ಅಲ್ಲ. ಕಚೇರಿಯಲ್ಲಿ ಕುಳಿತು ಅಂದಾಜಿಗೆ ಬರೆದ ಸಂಖ್ಯೆ ಇಷ್ಟು ಒರಟಾಗಿರುವುದಿಲ್ಲ. ಅದರ ಮೂಲ ಹುಡುಕುತ್ತ ಹೋದರೆ ಸಿಗುವ ಪದವೇ ಆಕ್ಸಲ್ ಲೋಡ್.

ಎರಡು ಬದಿಯ ಚಕ್ರಗಳನ್ನು ಜೋಡಿಸುವ ಅಡ್ಡದಂಡ ಆಕ್ಸಲ್. ಎತ್ತಿನ ಗಾಡಿಯ ಕಾಲದಲ್ಲಿ ಕನ್ನಡದಲ್ಲಿ ಇದಕ್ಕೆ ಎರಡು ಮಾತಿದ್ದವು: ಅಚ್ಚು, ಇರುಸು. ಇರುಸಿಗೆ ಕೀಲೆಣ್ಣೆ ಹಾಕದಿದ್ದರೆ ಗಾಡಿ ಊರಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು. ಸಂಸ್ಕೃತದ ಅಕ್ಷ, ಇಂಗ್ಲಿಷಿನ ಆಕ್ಸಲ್ ಎರಡೂ ಒಂದೇ ಬೇರಿನ ಪದಗಳು. ಗಾಡಿ ಹೋಗಿ ಲಾರಿ ಬಂದ ಮೇಲೆ ಗ್ಯಾರೇಜಿನವರ ಬಾಯಲ್ಲಿ ಅದು ‘ಎಕ್ಸೆಲ್’ ಆಯಿತು, ಇರುಸು ನಿಘಂಟಿಗೆ ಸರಿಯಿತು. ನನಗೆ ‘ಅಚ್ಚು’ ಇಷ್ಟ. ‘ಅಚ್ಚಿನ ಭಾರ’ ಎಂದರೆ ಅರ್ಥ ಒಡನೆಯೇ ತಿಳಿಯುತ್ತದೆ: ಲಾರಿಯ ಒಟ್ಟು ತೂಕದಲ್ಲಿ ಒಂದೊಂದು ಅಚ್ಚಿನ ಮೂಲಕ ನೆಲಕ್ಕೆ ಇಳಿಯುವ ಪಾಲು.

ಒಟ್ಟು ತೂಕವೇ ಗೊತ್ತಿರುವಾಗ ಈ ಪಾಲಿನ ಲೆಕ್ಕ ಯಾಕೆ ಬೇಕು? ಗದ್ದೆ ಉಳುಮೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಸರು ಮಟ್ಟ ಮಾಡುವಾಗ ಎತ್ತುಗಳ ಹಿಂದಿನ ಹಲಗೆಯ ಮೇಲೆ ಆಳು ನಿಂತೇ ಸಾಗುತ್ತಾನೆ, ಮುಳುಗುವುದಿಲ್ಲ. ಹಲಗೆಯಿಂದ ಕಾಲು ಕೆಳಗಿಟ್ಟರೆ ಮೊಣಕಾಲಿನ ತನಕ ಹೂತು ಹೋಗುತ್ತಾನೆ. ಆಳು ಅವನೇ, ತೂಕವೂ ಅಷ್ಟೇ. ಆದರೆ ಭಾರ ನೆಲಕ್ಕೆ ಎಲ್ಲೆಲ್ಲಿ ಇಳಿಯಿತು ಎಂಬುದು ಬದಲಾಯಿತು. ರಸ್ತೆಯ ಮಟ್ಟಿಗೂ ಹಾಗೆಯೇ. ಡಾಂಬರಿಗೆ ಇಡೀ ಲಾರಿ ಒಂದೇ ಏಟಿಗೆ ತಗಲುವುದಿಲ್ಲ. ಮುಂದಿನ ಅಚ್ಚು ಬಂದು ಒತ್ತಿ ಹೋಗುತ್ತದೆ, ಅರೆ ಕ್ಷಣ ಬಿಟ್ಟು ಹಿಂದಿನದು ಬಂದು ಒತ್ತುತ್ತದೆ. ರಸ್ತೆ ನೆನಪಿಟ್ಟುಕೊಳ್ಳುವುದು ಈ ಒಂದೊಂದು ಒತ್ತಿನ ಲೆಕ್ಕವನ್ನು.

ಚಾಲಕರು ಲಾರಿಗಳನ್ನು ಕರೆಯುವುದೇ ಚಕ್ರದ ಎಣಿಕೆಯಿಂದ: ಆರು ಚಕ್ರದ್ದು, ಹತ್ತು ಚಕ್ರದ್ದು, ಹನ್ನೆರಡು ಚಕ್ರದ್ದು. ಆರು ಚಕ್ರದ್ದಕ್ಕೆ ಅಚ್ಚು ಎರಡು, ಮುಂದೆ ಎರಡು ಟಯರು, ಹಿಂದೆ ನಾಲ್ಕು. 2018ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅಚ್ಚಿನ ಭಾರದ ಮಿತಿಗಳನ್ನು ಏರಿಸಿತು. ಮುಂದಿನ ಅಚ್ಚಿಗೆ 6 ಟನ್ ಇದ್ದದ್ದು 7 ಆಯಿತು, ಹಿಂದಿನ ನಾಲ್ಕು ಟಯರಿನ ಅಚ್ಚಿಗೆ 10.2 ಇದ್ದದ್ದು 11.5 ಆಯಿತು. ಏಳಕ್ಕೆ ಹನ್ನೊಂದೂವರೆ ಕೂಡಿಸಿ ನೋಡಿ: ಹದಿನೆಂಟೂವರೆ ಟನ್. ಆದೇಶದ ಆ ಸಾಲಿನಲ್ಲಿ ಅಚ್ಚಿನ ಮಾತೇ ಇರುವುದಿಲ್ಲ, ಆದರೂ ಅದರ ಸಂಖ್ಯೆ ಆರು ಚಕ್ರದ ಲಾರಿಯ ಗರಿಷ್ಠ ಮಿತಿಗೆ ಒಂದು ಕಿಲೋ ಆಚೀಚೆ ಇಲ್ಲದೆ ಕೂಡಿಕೊಳ್ಳುತ್ತದೆ. ಆಡುಮಾತಿನಲ್ಲಿ ಹೇಳುವುದಾದರೆ, ಆರು ಚಕ್ರದ್ದು ಬರಲಿ, ಹತ್ತು ಚಕ್ರದ್ದು ಬೇಡ.

ಇದು ಸರಿಯೇ ಎಂದು ನೋಡುವ ಮೊದಲು ಅಮೆರಿಕಕ್ಕೆ ಹೋಗಿ ಬರಬೇಕು.

ಇಲಿನಾಯ್ ರಾಜ್ಯದ ಒಟ್ಟಾವಾ ಎಂಬ ಊರಿನ ಬಳಿ 1958ರಿಂದ 1960ರ ತನಕ ಒಂದು ದೊಡ್ಡ ಪ್ರಯೋಗ ನಡೆಯಿತು. ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಸಂಘವಾದ ಆಶೊ ಅದನ್ನು ಮಾಡಿಸಿದ್ದು. ಆರು ಸುತ್ತುದಾರಿಗಳನ್ನು ಕಟ್ಟಿದರು. ಅವುಗಳ ತುಂಡು ತುಂಡಿಗೂ ಡಾಂಬರು, ಜಲ್ಲಿ, ಕಾಂಕ್ರೀಟಿನ ದಪ್ಪ ಬೇರೆ ಬೇರೆ. ಒಂದು ಸುತ್ತನ್ನು ವಾಹನವೇ ಓಡಿಸದೆ ಬಿಟ್ಟರು, ಬಿಸಿಲು ಹಿಮಗಳಿಂದ ಎಷ್ಟು ಹಾಳಾಗುತ್ತದೆ ನೋಡಲಿಕ್ಕೆ. ಉಳಿದವುಗಳ ಮೇಲೆ ಸೈನಿಕರನ್ನು ಚಾಲಕರಾಗಿ ಕೂರಿಸಿ, ಅಳೆದ ಭಾರ ಹೇರಿದ ಲಾರಿಗಳನ್ನು ಎರಡು ವರ್ಷ ಸುತ್ತಿಸಿದರು. ಒಂದೊಂದು ಪಥದ ಮೇಲೆ ಸುಮಾರು 11 ಲಕ್ಷ ಸಲ ಅಚ್ಚುಗಳು ಹಾದುಹೋದವು. ಹೊಸ ರಸ್ತೆಯನ್ನು ಹಾಳಾಗುವ ತನಕ ತುಳಿಸುವುದೇ ಕೆಲಸ! ನಮ್ಮಲ್ಲಿ ಇದಕ್ಕೆ ಬೇರೆಯಾಗಿ ಅನುದಾನ ಬೇಕಾಗುವುದಿಲ್ಲ.

ಆ ಅಂಕಿಅಂಶಗಳಿಂದ ಮೂಡಿದ್ದೇ ‘ನಾಲ್ಕನೆಯ ಘಾತ’ದ ನಿಯಮ. ಅಚ್ಚಿನ ಭಾರ ಎರಡು ಪಟ್ಟಾದರೆ ರಸ್ತೆಯ ಹಾನಿ ಎರಡು ಪಟ್ಟಲ್ಲ, ಎರಡನ್ನು ನಾಲ್ಕು ಬಾರಿ ಗುಣಿಸಿದಷ್ಟು, ಅಂದರೆ ಹದಿನಾರು ಪಟ್ಟು. ಅಳತೆಯ ಮೂಲಮಾನವಾಗಿ 80 ಕಿಲೋನ್ಯೂಟನ್, ಸುಮಾರು 8.16 ಟನ್ ಹೊತ್ತ ಅಚ್ಚನ್ನು ಇಟ್ಟುಕೊಂಡರು. ಇದಕ್ಕೆ ಸ್ಟಾಂಡರ್ಡ್ ಆಕ್ಸಲ್ ಎಂದು ಹೆಸರು. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 37 ಎಂಬ ಮಾರ್ಗಸೂಚಿ ಕೂಡ ಡಾಂಬರು ರಸ್ತೆಯ ದಪ್ಪವನ್ನು ನಿರ್ಧರಿಸುವುದು ಇದರಿಂದಲೇ. ರಸ್ತೆಯ ಬಾಳಿಕೆಯನ್ನು ಇಷ್ಟು ವರ್ಷ ಎಂದು ನಾವು ಹೇಳುತ್ತೇವೆ. ಎಂಜಿನಿಯರು ಇಷ್ಟು ಮಿಲಿಯನ್ ಸ್ಟಾಂಡರ್ಡ್ ಆಕ್ಸಲ್ ಎಂದು ಹೇಳುತ್ತಾರೆ.

ನಾಲ್ಕು ಎಂಬುದು ಕಲ್ಲಿನ ಮೇಲೆ ಬರೆದ ಅಂಕಿಯಲ್ಲ. ರಸ್ತೆಯ ಬಗೆ, ದಪ್ಪ, ಯಾವ ಬಗೆಯ ಹಾನಿ ಎಂಬುದನ್ನು ನೋಡಿಕೊಂಡು ಘಾತ ಹೆಚ್ಚುಕಡಿಮೆಯಾಗುತ್ತದೆ ಎಂದು ಮುಂದಿನ ಸಂಶೋಧನೆಗಳು ತೋರಿಸಿವೆ. ಆದರೂ ದಿನದ ಲೆಕ್ಕಕ್ಕೆ ಎಲ್ಲರೂ ಬಳಸುವುದು ನಾಲ್ಕನ್ನೇ.

ಲೆಕ್ಕ ಹಾಕಿ ನೋಡಿದರೆ ಕೆಲವು ಜಗಳಗಳು ತಾವಾಗಿಯೇ ತೀರುತ್ತವೆ. ಸಾಧಾರಣ ಕಾರಿನ ಒಂದು ಅಚ್ಚಿನ ಮೇಲೆ ಅರ್ಧ ಟನ್ ಎಂದಿಟ್ಟುಕೊಳ್ಳಿ. ಒಂದು ಸ್ಟಾಂಡರ್ಡ್ ಆಕ್ಸಲ್ ಒಮ್ಮೆ ಹಾದುಹೋದಾಗ ಆಗುವ ಹಾನಿಗೆ ಅಂಥ ಕಾರಿನ ಅಚ್ಚು ಎಪ್ಪತ್ತು ಸಾವಿರ ಸಲ ಹಾದುಹೋಗಬೇಕು. ಶನಿವಾರ ಭಾನುವಾರ ಮಡಿಕೇರಿಗೆ ನುಗ್ಗುವ ಪ್ರವಾಸಿಗರ ಕಾರುಗಳ ಮೇಲೆ ನಮಗೆ ಬೇರೆ ಬೇರೆ ಕಾರಣಕ್ಕೆ ಸಿಟ್ಟಿರಬಹುದು. ರಾಜಾಸೀಟಿನ ಬಳಿ ಅರ್ಧ ಗಂಟೆ ಸಿಕ್ಕಿಹಾಕಿಕೊಂಡ ನನಗೂ ಇದೆ. ಆದರೆ ರಸ್ತೆ ಕುಸಿದ ಅಪವಾದವನ್ನು ಮಾತ್ರ ಆ ಕಾರುಗಳ ತಲೆಗೆ ಕಟ್ಟುವಂತಿಲ್ಲ.

2018ರ ಏರಿಕೆಯನ್ನೇ ತೆಗೆದುಕೊಳ್ಳಿ. ಹಿಂದಿನ ಅಚ್ಚಿನ ಭಾರ 10.2ರಿಂದ 11.5 ಟನ್ ಆದಾಗ ತೂಕ ಹೆಚ್ಚಿದ್ದು ಶೇ 13ರಷ್ಟು. ನಾಲ್ಕನೆಯ ಘಾತದ ಪ್ರಕಾರ ಹಾನಿ ಹೆಚ್ಚಿದ್ದು ಶೇ 60ಕ್ಕೂ ಮಿಕ್ಕಿ. ಸಾಗಣೆ ವೆಚ್ಚ ಇಳಿಯಲಿ, ಒಂದೇ ಟ್ರಿಪ್ಪಿನಲ್ಲಿ ಹೆಚ್ಚು ಸರಕು ಹೋಗಲಿ ಎಂಬುದು ಸರ್ಕಾರದ ಉದ್ದೇಶ. ಲಾರಿ ಮಾಲೀಕನಿಗೆ ಅದು ಲಾಭವೇ. ಆ ಉಳಿತಾಯದ ಒಂದು ಪಾಲನ್ನು ರಸ್ತೆಯಿಂದ ಕಿತ್ತು ಕೊಟ್ಟಂತಾಯಿತು ಎಂಬುದು ನನ್ನ ಅಭಿಪ್ರಾಯ. ರಸ್ತೆಗೆ ತೇಪೆ ಹಾಕುವ ಬಿಲ್ಲು ಬೇರೆ ಇಲಾಖೆಯ ಪುಸ್ತಕದಲ್ಲಿ ಬೀಳುವುದರಿಂದ ಎರಡನ್ನೂ ಒಟ್ಟಿಗೆ ನೋಡುವವರು ಕಡಿಮೆ.

ಕೊಡಗಿನಲ್ಲಿ ಇದರ ಬಿಸಿ ಹೆಚ್ಚು. ಜಿಲ್ಲೆಯಲ್ಲಿ ರೈಲು ಹಳಿ ಇಲ್ಲ. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಇಲ್ಲಿನದು; ಅದರ ಜೊತೆಗೆ ಕರಿಮೆಣಸು, ಶುಂಠಿ, ಸಿಲ್ವರ್ ಓಕ್ ಮರ. ಒಳಗೆ ಬರುವ ಗೊಬ್ಬರ, ಸಿಮೆಂಟು, ಅಕ್ಕಿ. ಎಲ್ಲವೂ ಟಯರಿನ ಮೇಲೆಯೇ. ಅದಕ್ಕೆ ಸೇರಿಕೊಳ್ಳುವುದು ಮಳೆ. ಒಟ್ಟಾವಾದ ಪ್ರಯೋಗದಲ್ಲಿ ರಸ್ತೆಗಳು ಹೆಚ್ಚು ಹದಗೆಟ್ಟದ್ದು ವಸಂತದಲ್ಲಿ, ಹಿಮ ಕರಗಿ ಅಡಿಯ ಮಣ್ಣು ನೀರು ಕುಡಿದಿದ್ದಾಗ. ಬೇಸಿಗೆಯಲ್ಲಿ ತಾಳಿಕೊಂಡ ಅದೇ ಭಾರವನ್ನು ಒದ್ದೆ ಮಣ್ಣು ತಾಳಲಿಲ್ಲ. ನಮ್ಮಲ್ಲಿ ಹಿಮವಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ರಸ್ತೆಯ ಅಡಿಮಣ್ಣು ಅದೇ ಸ್ಥಿತಿಯಲ್ಲಿರುತ್ತದೆ. ಚರಂಡಿ ಕಟ್ಟಿಕೊಂಡಿದ್ದರೆ ಕೇಳುವುದೇ ಬೇಡ. ಮಳೆಗಾಲಕ್ಕೆ ಸೀಮಿತವಾದ ನಿಷೇಧಕ್ಕೆ ಹೀಗೊಂದು ಗಟ್ಟಿ ಆಧಾರವಿದೆ.

ತೋಟದ ಕಡೆಯ ರಸ್ತೆಗಳ ಪಾಡು ಇನ್ನೂ ಸೂಕ್ಷ್ಮ. ಗ್ರಾಮೀಣ ರಸ್ತೆಗಳಿಗೆ ಬೇರೆಯೇ ಮಾರ್ಗಸೂಚಿ ಇದ್ದು, ಅಲ್ಲಿ ಲೆಕ್ಕ ಮಿಲಿಯನ್‌ಗಳಲ್ಲಿ ಅಲ್ಲ, ಸಾವಿರ ಲಕ್ಷಗಳಲ್ಲಿ. ಹತ್ತು ವರ್ಷಕ್ಕೆ ಒಂದು ಲಕ್ಷ ಸ್ಟಾಂಡರ್ಡ್ ಆಕ್ಸಲ್ ಎಂದು ಕಟ್ಟಿದ ಒಂದು ರಸ್ತೆ ಇದೆ ಎನ್ನೋಣ. ವರ್ಷದ ಪಾಲು ಹತ್ತು ಸಾವಿರ. ಬೇಸಿಗೆಯಲ್ಲಿ ಒಳಗಿನ ತೋಟವೊಂದರಲ್ಲಿ ಸಿಲ್ವರ್ ಓಕ್ ಕಡಿಯುತ್ತಾರೆ. ಆರು ಚಕ್ರದ ಲಾರಿ, ಕ್ಯಾಬಿನ್‌ಗಿಂತ ಎತ್ತರಕ್ಕೆ ದಿಮ್ಮಿ. ಹಿಂದಿನ ಅಚ್ಚಿನ ಮೇಲೆ 11.5ರ ಬದಲು 16 ಟನ್ ಬಿತ್ತು. ಆ ಒಂದು ಅಚ್ಚು ಒಮ್ಮೆ ಹೋದರೆ ಹದಿನೈದು ಸ್ಟಾಂಡರ್ಡ್ ಆಕ್ಸಲ್ ಹೋದಂತೆ. ದಿನಕ್ಕೆ ಹತ್ತು ಲೋಡು, ಇಪ್ಪತ್ತೈದು ದಿನ. ಒಂದು ತೋಟದ ಒಂದು ತಿಂಗಳ ಕೆಲಸಕ್ಕೆ 3,750, ವರ್ಷದ ಪಾಲಿನಲ್ಲಿ ಮೂರನೆಯ ಒಂದಂಶಕ್ಕಿಂತ ಹೆಚ್ಚು ಮುಗಿಯಿತು. ಆಗ ಡಾಂಬರಿನ ಮೇಲೆ ಕಾಣುವುದು ಕೂದಲೆಳೆಯ ಬಿರುಕು ಮಾತ್ರ. ಜುಲೈಯಲ್ಲಿ ಅದರೊಳಗೆ ನೀರು ಇಳಿದು ಗುಂಡಿಯಾದಾಗ ಲಾರಿಗಳು ಹೋಗಿ ಮೂರು ತಿಂಗಳಾಗಿರುತ್ತದೆ, ಬೈಗುಳ ಮಳೆಗೆ ಹೋಗುತ್ತದೆ.

ಈಗ ಮತ್ತೆ ಆದೇಶಕ್ಕೆ ಬರೋಣ. ಹತ್ತು ಚಕ್ರದ ಲಾರಿಗೆ ಹಿಂದೆ ಜೋಡಿ ಅಚ್ಚು ಇರುತ್ತದೆ. ಆ ಜೋಡಿಗೆ ಮಿತಿ 21 ಟನ್, ಲಾರಿಯ ಒಟ್ಟು ಮಿತಿ 28.5 ಟನ್. ಆರು ಚಕ್ರದ್ದಕ್ಕಿಂತ ಹತ್ತು ಟನ್ ಹೆಚ್ಚು. ಹಾಗಾದರೆ ರಸ್ತೆಗೆ ಎಷ್ಟು ಹೆಚ್ಚು ಪೆಟ್ಟು? ಜೋಡಿ ಅಚ್ಚಿಗೆ ಬೇರೆಯೇ ಮೂಲಮಾನ ಇಟ್ಟುಕೊಳ್ಳುವ ಐಆರ್‌ಸಿ ಸೂತ್ರಕ್ಕೆ ಹಾಕಿದರೆ ಆರು ಚಕ್ರದ ಲಾರಿಯ ಹಿಂದಿನ ಒಂಟಿ ಅಚ್ಚು ಸುಮಾರು 3.9 ಸ್ಟಾಂಡರ್ಡ್ ಆಕ್ಸಲ್‌ಗೆ ಸಮ. ಹತ್ತು ಚಕ್ರದ್ದರ ಜೋಡಿ ಅಚ್ಚು ಸುಮಾರು 3.8ಕ್ಕೆ ಸಮ. ಅಂದರೆ ಹತ್ತು ಟನ್ ಹೆಚ್ಚು ಹೊತ್ತ ಲಾರಿಯ ಹಿಂಭಾಗ ಡಾಂಬರಿಗೆ ಮಾಡುವ ಹಾನಿ ಒಂದು ಕೂದಲು ಕಡಿಮೆಯೇ. ಅದೇ ಸರಕನ್ನು ಆರು ಚಕ್ರದ್ದರಲ್ಲಿ ತರಲು ಟ್ರಿಪ್ಪುಗಳು ಹೆಚ್ಚಬೇಕು, ಆಗ ರಸ್ತೆಗೆ ಬೀಳುವ ಒಟ್ಟು ಪೆಟ್ಟೂ ಹೆಚ್ಚುತ್ತದೆ.

ಹಾಗಂತ ಆದೇಶವೇ ತಪ್ಪು ಎಂದು ಹೊರಟರೆ ಅವಸರವಾದೀತು. ಘಾಟಿಯಲ್ಲಿ ಡಾಂಬರು ಒಂದೇ ಅಲ್ಲ ಇರುವುದು. ಮೋರಿ, ಸೇತುವೆಗಳಿಗೆ ಒಟ್ಟು ತೂಕವೂ ಲೆಕ್ಕಕ್ಕೆ ಬರುತ್ತದೆ. ಸಂಪಾಜೆ ಕಡೆಗೆ ಇಳಿಯುವಾಗ ಅಥವಾ ಪೆರುಂಬಾಡಿಯಿಂದ ಮಾಕುಟ್ಟದ ಕಡೆಗೆ ಹೋಗುವಾಗ ಸಿಗುವ ತಿರುವುಗಳಲ್ಲಿ ಉದ್ದದ ಲಾರಿ ಒಮ್ಮೆಗೆ ತಿರುಗದೆ ಹಿಂದೆ ಮುಂದೆ ಮಾಡುವಾಗ ಜೋಡಿ ಅಚ್ಚಿನ ಟಯರುಗಳು ಡಾಂಬರನ್ನು ಅಡ್ಡಕ್ಕೆ ಉಜ್ಜುತ್ತವೆ. ಅಂಥದ್ದೊಂದು ಕೆಟ್ಟು ನಿಂತರೆ ಇಡೀ ಹೆದ್ದಾರಿ ಕಟ್ಟಿಕೊಳ್ಳುತ್ತದೆ. 2018ರ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದ ಬಳಿ ಗುಡ್ಡ ಜಾರಿ ಮಂಗಳೂರಿನ ದಾರಿ ಮುಚ್ಚಿದ್ದನ್ನು ಕಂಡ ಜಿಲ್ಲೆಯಲ್ಲಿ ಆಡಳಿತ ಅಂಜುವುದು ಸಹಜ. ಗುಡ್ಡ ಜಾರಿದ್ದು ಲಾರಿಯಿಂದಲ್ಲ, ಮಳೆಯಿಂದ. ನಾಲ್ಕನೆಯ ಘಾತಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ನೀರು ತುಂಬಿದ ಅಂಚಿನ ಮೇಲೆ ಭಾರವಾದದ್ದನ್ನು ಓಡಿಸದಿರುವುದು ಸಾಮಾನ್ಯ ಬುದ್ಧಿ.

ನನ್ನ ತಕರಾರು ಬೇರೆ ಕಡೆ. 18,500 ಎಂಬುದು ಆರ್‌ಸಿ ಪುಸ್ತಕದ ತೂಕ, ಲಾರಿಯ ಮೇಲಿರುವ ತೂಕವಲ್ಲ. ಕಾಗದದ ಮೇಲೆ ಹದಿನೆಂಟೂವರೆ ಇದ್ದು ಮೈಮೇಲೆ ಇಪ್ಪತ್ತಮೂರು ಹೊತ್ತ ಆರು ಚಕ್ರದ್ದು ತನಿಖಾ ಠಾಣೆಯಲ್ಲಿ ನಿಷೇಧದ ಒಳಗೆ ಬರುವುದಿಲ್ಲ. ರಸ್ತೆಗೆ ಅತಿ ಕೆಟ್ಟದ್ದು ಅದೇ. ಅದನ್ನು ಹಿಡಿಯಲು ಕಾನೂನು ಇಲ್ಲದೆ ಇಲ್ಲ. ಮೋಟಾರು ವಾಹನ ಕಾಯ್ದೆಯ 113ನೇ ಸೆಕ್ಷನ್ ನೋಂದಾಯಿತ ಒಟ್ಟು ತೂಕ ಮೀರಿ ಹೇರಿಕೊಂಡು ಓಡಿಸುವುದನ್ನು ನಿಷೇಧಿಸುತ್ತದೆ. 114 ತೂಗಿಸುವ ಅಧಿಕಾರ ಕೊಡುತ್ತದೆ. 2019ರ ತಿದ್ದುಪಡಿಯ ನಂತರ 194ರ ಅಡಿ ದಂಡ 20,000 ರೂಪಾಯಿ, ಮೇಲಿನ ಒಂದೊಂದು ಟನ್ನಿಗೆ ಇನ್ನೂ 2,000. ಇಲ್ಲದಿರುವುದು ತಕ್ಕಡಿ. ದಿಮ್ಮಿ ಹೇರುವ ಜಾಗದಿಂದ ಮುಖ್ಯ ರಸ್ತೆಯ ವೇ ಬ್ರಿಡ್ಜಿಗೆ ಬರುವ ಹೊತ್ತಿಗೆ ತೋಟದ ರಸ್ತೆಗೆ ಆಗಬೇಕಾದದ್ದು ಆಗಿ ಹೋಗಿರುತ್ತದೆ.

ಚಕ್ರ ಮೇಲೆತ್ತಿಕೊಂಡು ಓಡುವ ಲಾರಿಗಳನ್ನು ನೀವು ಕಂಡಿರಬಹುದು. ಮಕ್ಕಳು ತಪ್ಪದೆ ಕೇಳುತ್ತಾರೆ, ಆ ಚಕ್ರ ಯಾಕೆ ಗಾಳಿಯಲ್ಲಿದೆ ಎಂದು. ಅದು ಲಿಫ್ಟ್ ಆಕ್ಸಲ್. ಲಾರಿ ಖಾಲಿ ಇದ್ದಾಗ ಒಂದು ಅಚ್ಚನ್ನು ಎತ್ತಿಬಿಟ್ಟರೆ ಟಯರು ಸವೆಯುವುದಿಲ್ಲ, ಡೀಸೆಲ್ಲೂ ಉಳಿಯುತ್ತದೆ. ಲೋಡು ಹೇರಿದ ಮೇಲೆ ಇಳಿಸಬೇಕು. ಇಳಿಸದೆ ಹೋದರೆ ಅದರ ಪಾಲಿನ ಭಾರ ಪಕ್ಕದ ಅಚ್ಚುಗಳಿಗೆ ಹೋಗುತ್ತದೆ, ಮುಂದಿನದನ್ನು ನಾಲ್ಕನೆಯ ಘಾತ ನೋಡಿಕೊಳ್ಳುತ್ತದೆ.

ಕುಶಾಲನಗರದ ಕಡೆಯ ಒಂದು ವೇ ಬ್ರಿಡ್ಜಿನಲ್ಲಿ ಕಾಫಿ ಮೂಟೆ ತುಂಬಿದ ಆರು ಚಕ್ರದ ಲಾರಿಯೊಂದು ಸರದಿಯಲ್ಲಿತ್ತು. ಅಚ್ಚಿನ ತೂಕ ಬೇರೆಯಾಗಿ ಗೊತ್ತಾಗುತ್ತದೆಯೇ ಎಂದು ಚಾಲಕನನ್ನು ಕೇಳಿದೆ. “ಯಾಕಾಗುವುದಿಲ್ಲ ಸರ್, ನೋಡಿ” ಎಂದು ಮುಂದಿನ ಚಕ್ರ ಮಾತ್ರ ತಟ್ಟೆಯ ಮೇಲೆ ಬರುವಂತೆ ಹತ್ತಿಸಿ ನಿಲ್ಲಿಸಿದ. ಕಿಟಕಿಯೊಳಗೆ ಕೆಂಪು ಅಂಕಿ ಬೆಳಗಿತು. ಆಮೇಲೆ ಇಡೀ ಲಾರಿಯನ್ನು ಹತ್ತಿಸಿದ, ಇನ್ನೊಂದು ಅಂಕಿ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಹಿಂದಿನ ಅಚ್ಚಿನ ಭಾರ. ಹಿಂದೆ ನಿಂತಿದ್ದ ಟಿಪ್ಪರಿನವನು ಹಾರ್ನ್ ಒತ್ತತೊಡಗಿದ. ಗುಮಾಸ್ತರು ಚೀಟಿ ಹರಿದು ಕೊಟ್ಟರು. ಅದರಲ್ಲಿ ಅಚ್ಚಾಗಿದ್ದದ್ದು ಒಟ್ಟು ತೂಕ ಮಾತ್ರ.